ಚೆಲುವಮ್ಮನ ಒದ್ದೆ ಗೋಣಿ

ಕಾಮಗೆರೆಯ ಪುಟ್ಟಬಸಪ್ಪನವರ ನರ್ಸರಿಯಲ್ಲಿ ಚೆಲುವಮ್ಮ ಹನ್ನೊಂದು ವರ್ಷದಿಂದ ಗಿಡಗಳಿಗೆ ನೀರು ಹಾಕುತ್ತಿದ್ದಳು. ಹಸಿರು ಬಲೆ ಕಟ್ಟಿದ ನೆರಳುಮನೆಯ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಈ ಬೇಸಿಗೆಯಲ್ಲಿ ಅಲ್ಲಿಗೆ ಹೊಸ ಗಿಡಗಳು ಬಂದವು. ಬೂದಿ ಬಣ್ಣ, ಅಂಗೈಯಗಲ. ಮಣ್ಣೇ ಬೇಡ, ತಂತಿಗೆ ಕಟ್ಟಿದರೆ ಗಾಳಿಯಲ್ಲೇ ಬದುಕುತ್ತವೆ. ಅದೇ ವಾರ ಯಳಂದೂರಿನಾಚೆಯ ಕಾಡಿನ ಸೋಲಿಗರ ಪೋಡಿನಿಂದ ಕ್ಯಾತಮ್ಮ ಕೆಲಸಕ್ಕೆ ಸೇರಿದಳು.

ಪುಟ್ಟಬಸಪ್ಪನವರು ಇಬ್ಬರಿಗೂ ಹತ್ತು ಹತ್ತು ಗಿಡ ಕೊಟ್ಟರು. "ಒಂದ್ ತಿಂಗಳು ನೋಡ್ತೀನಿ. ಯಾರ ಗಿಡ ಚೆಂದಾಗಿರ್ತವೋ ಅವ್ರಿಗೇ ನೆರಳುಮನೆ ಬೀಗದ ಕೈ."

ಚೆಲುವಮ್ಮ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು.

ಕ್ಯಾತಮ್ಮ ದಿನವೂ ಎಲೆ ಮುಟ್ಟಿ ನೋಡುತ್ತಿದ್ದಳು. ಅಂಚು ಒಳಕ್ಕೆ ಸುರುಳಿಕೊಂಡು ತುದಿ ಒಣಗಿದ್ದರೆ ಗಿಡವನ್ನು ಬಕೆಟ್ಟಿನಲ್ಲಿ ಮುಳುಗಿಸಿ, ತಲೆಕೆಳಗು ಮಾಡಿ ಕೊಡವಿ, ಗಾಳಿಗೆ ತೂಗುಬಿಡುತ್ತಿದ್ದಳು. ಎಲೆ ಅಗಲವಾಗಿ ಬಿಚ್ಚಿಕೊಂಡು ಬಿಗಿಯಾಗಿದ್ದರೆ ಅದರ ತಂಟೆಗೇ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳ ಗಿಡವೊಂದರ ನಡು ಎಲೆಗಳು ಕೆಂಪಾದವು. ಹೂ ಬಿಡುವ ಸೂಚನೆ. ಆ ಕೆಂಪು ದಿನವಿಡೀ ಚೆಲುವಮ್ಮನ ಕಣ್ಣಲ್ಲಿ ಕಸದಂತೆ ಒತ್ತುತ್ತಿತ್ತು.

"ಏನಮ್ಮಿ, ಮಂತ್ರ ಗಿಂತ್ರ ಆಕ್ಬುಟ್ಟಿದ್ದೀಯಾ?"

"ಕಾಡ್ನಲ್ಲಿ ಮರದ್ ಮ್ಯಾಲಿನ್ ಗಿಡಕ್ಕೆ ಯಾರಕ್ಕ ನೀರುಯ್ತಾರೆ? ಮಂಜು ನೆನೆಸ್ತದೆ, ಗಾಳಿ ಒಣಗಿಸ್ತದೆ."

"ನಿಂಗೆ ಕಾಡು ಗೊತ್ತು, ನಂಗೆ ಎಲೆ ಗೊತ್ತು. ಓಗು, ಕೆಲ್ಸ ನೋಡು."

ಎಲೆ ಗೊತ್ತಿದ್ದುದು ನಿಜ. ತವರಿನಲ್ಲಿ ರೇಷ್ಮೆಹುಳುವಿಗೆ ತಂದ ಹಿಪ್ಪುನೇರಳೆ ಸೊಪ್ಪಿಗೆ ಒದ್ದೆ ಗೋಣಿ ಮುಚ್ಚಿಡುತ್ತಿದ್ದರು, ಬೆಳಗಾದರೂ ಬಾಡುತ್ತಿರಲಿಲ್ಲ. ಅಂದು ಸಂಜೆ ಎಲ್ಲರೂ ಹೋದ ಮೇಲೆ ಚೆಲುವಮ್ಮ ತನ್ನ ಹತ್ತು ಗಿಡಗಳನ್ನು ತಂತಿಯಿಂದ ಇಳಿಸಿ, ಒದ್ದೆ ಗೋಣಿ ಹೊದಿಸಿದಳು. ಒಂದು ವಾರ, ದಿನವೂ ಹಾಗೇ ಮಾಡಿ, ಬೆಳಿಗ್ಗೆ ಯಾರೂ ಬರುವ ಮೊದಲೇ ಮತ್ತೆ ತಂತಿಗೆ ಕಟ್ಟಿದಳು.

ಎಲೆಗಳು ಹಸಿರಾಗಿ ಹೊಳೆದವು. ಎಂಟನೆಯ ದಿನ ಒಂದನ್ನು ನಡುವಿನಲ್ಲಿ ಹಿಡಿದೆತ್ತಿದಳು. ಎಲೆ ಮಾತ್ರ ಕೈಗೆ ಬಂತು. ಬುಡ ಕಪ್ಪಾಗಿ ಕೊಳೆತಿತ್ತು. ಏಳು ಗಿಡಗಳು ಹಾಗೇ ಹೋಗಿದ್ದವು.

ಕ್ಯಾತಮ್ಮ ಬಂದು ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಉಳಿದ ಮೂರನ್ನು ಕೊಡವಿ ತನ್ನ ಗಿಡಗಳ ಪಕ್ಕದಲ್ಲೇ ತೂಗುಹಾಕಿದಳು.

"ಇವು ಬದುಕ್ತವೆ ಕಣಕ್ಕ. ಎಲೆ ಸುರುಳ್ಕಳೋ ಗಂಟ ನೀರು ತೋರಿಸ್ಬ್ಯಾಡ."

ಚೆಲುವಮ್ಮ ಸೆರಗಿನ ಗಂಟು ಬಿಚ್ಚಲು ಹೋದಳು. ಉಗುರಿಗೆ ಸಡಿಲವಾಗಲಿಲ್ಲ, ಹಲ್ಲು ಹಾಕಬೇಕಾಯಿತು.

"ತಕಾ" ಎಂದು ಬೀಗದ ಕೈ ಅವಳತ್ತ ಚಾಚಿದಳು.

ಈಗ ಚೆಲುವಮ್ಮನೂ ದಿನಾ ಬೆಳಿಗ್ಗೆ ತನ್ನ ಮೂರು ಗಿಡಗಳ ಎಲೆ ಮುಟ್ಟಿ ನೋಡುತ್ತಾಳೆ. ಆದರೆ ಅದಕ್ಕೂ ಮೊದಲು, ಪಕ್ಕದ ತಂತಿಯಲ್ಲಿ ಇನ್ನೊಂದು ಗಿಡ ಕೆಂಪಾಯಿತೇ ಎಂದು ನೋಡುತ್ತಾಳೆ.