ಹನ್ನೊಂದು ಗೆರೆ

ಭಾರತಿ, ನಿನ್ನ ಕಣ್ಣಿಗೆ ರೋಗ ಬಂದಿರಬಹುದೆಂದು ನನಗೆ ಎರಡು ವರ್ಷದ ಹಿಂದೆಯೇ ಅನುಮಾನವಿತ್ತು. ನಾನು ಹೇಳಲಿಲ್ಲ.

ನನ್ನ ಕಣ್ಣು ತೋರಿಸಲು ನಾನು ಹಿಂದೂಪುರದ ಕಣ್ಣಿನ ಆಸ್ಪತ್ರೆಗೆ ಹೋದದ್ದು ಒಂದು ಸೋಮವಾರ. ಯಂತ್ರಕ್ಕೆ ಗದ್ದ ಒತ್ತಿ ಕೂತೆ. ಪರದೆಯ ಮೇಲೆ ನನ್ನ ಕಾರ್ನಿಯಾ ನಕ್ಷೆಯಾಗಿ ಮೂಡಿತು—ಸುತ್ತ ಹಸಿರು, ಕೆಳಗೊಂದು ಕೆಂಪು ಮಚ್ಚೆ. ಕೆರಟೋಕೋನಸ್, ಕಣ್ಣಿನ ಮುಂದಿನ ಪದರ ತೆಳುವಾಗಿ ಉಬ್ಬುವ ರೋಗ, ಎಂದರು ಡಾಕ್ಟರು. ಬೇಗ ಸಿಕ್ಕಿದೆ, ನಿಲ್ಲಿಸಬಹುದು. ಕಣ್ಣು ಮಾತ್ರ ಉಜ್ಜಬೇಡ. ಆಮೇಲೆ ಕೇಳಿದರು: "ಚೆಲ್ಲೆಲು ಉಂದಾ ಬಾಬು? ತಂಗಿ ಇದ್ರೆ ಕರ್ಕೊಂಡ್ಬಾ. ಒಂದೇ ಮನೇಲಿ ಇಬ್ಬರಿಗೂ ಬರಬಹುದು."

ಮನೆಯಲ್ಲಿ "ಕನ್ನಡಕದ ನಂಬರು ಏರಿದೆ" ಎಂದಷ್ಟೇ ಹೇಳಿದೆ. ಕುರುಡಾಗುವ ಭಯವನ್ನು ಬಾಯಿಬಿಟ್ಟು ಆಡಿದರೆ ಅದು ನಿಜವೇ ಆಗಿಬಿಡುತ್ತದೆ ಅನಿಸಿತು. ಚಿಕಿತ್ಸೆಯನ್ನೂ ಯಾರಿಗೂ ತಿಳಿಯದಂತೆ ಮಾಡಿಸಿಕೊಂಡೆ. ಕಣ್ಣು ಉಜ್ಜಿದಾಗಲೆಲ್ಲ ಡೈರಿಯಲ್ಲಿ ಒಂದು ಗೆರೆ ಎಳೆದೆ. ಮೊದಮೊದಲು ದಿನಕ್ಕೆ ಒಂಬತ್ತು. ಎರಡು ತಿಂಗಳಿಗೆ ಸೊನ್ನೆ.

ಆ ಸೊನ್ನೆಯ ವಾರವೇ ಕಲ್ಯಾಣದುರ್ಗಕ್ಕೆ, ನೀನು ಓದಲು ಉಳಿದಿದ್ದ ಚಿಕ್ಕಮ್ಮನ ಮನೆಗೆ ಬಂದೆ. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ ನೀನು. ನಿನ್ನ ಬೆರಳೆಲ್ಲ ಅಂಟು—ಮಣಿಕಟ್ಟಿನಿಂದ ಕಣ್ಣುಜ್ಜಿದೆ. ಮತ್ತೆ ಉಜ್ಜಿದೆ. ನನ್ನ ಕೈ ತಾನಾಗಿ ಡೈರಿ ತೆರೆಯಿತು. ಬುಟ್ಟಿ ಖಾಲಿಯಾಗುವಷ್ಟರಲ್ಲಿ ಹನ್ನೊಂದು ಗೆರೆ.

"ಏನಣ್ಣ ಬರ್ಕಂತಿದ್ದೀಯ? ನಾನ್ ತಿಂದ ದೋಸೆ ಲೆಕ್ಕಾನಾ?" ಎಂದು ನೀನು ನಕ್ಕೆ. "ಈ ವರ್ಸ ಎಲ್ಡ್ ಸಲ ಕನ್ನಡಕ ಬದಲಾಯ್ಸಿದ್ರೂ ಬೋರ್ಡು ಮಂಜುಮಂಜು ಕಣಣ್ಣ."

ಡೈರಿ ಮುಚ್ಚಿದೆ.

"ಬಸ್ಸಿನ ಟೈಮು ಬರ್ಕಂಡೆ ಕಣಮ್ಮ," ಅಂದೆ.

ನಿನ್ನದನ್ನು ಹೇಳಿದರೆ ನನ್ನದನ್ನೂ ಹೇಳಬೇಕಿತ್ತು. ಅಷ್ಟೇ—ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. "ಮುಂದಿನ ಸಲ ಹೇಳಬೇಕು" ಎಂದು ಡೈರಿಯಲ್ಲಿ ಏಳು ಕಡೆ ಇದೆ.

ಮೊನ್ನೆ ನಿನ್ನನ್ನು ಅದೇ ಯಂತ್ರದ ಮುಂದೆ ಕೂರಿಸಿದಾಗ ನಕ್ಷೆಯಲ್ಲಿ ಹಸಿರನ್ನು ಹುಡುಕಬೇಕಾಯಿತು. ಪದರ ತೀರ ತೆಳುವಾಗಿದೆ, ಬೆಳಕು ಹಾಯಿಸಿ ಗಟ್ಟಿ ಮಾಡುವ ಕಾಲ ಮೀರಿದೆ ಎಂದರು. ನನ್ನ ಕಣ್ಣುಗಳನ್ನು ಉಳಿಸಿದ್ದು ಆ ಬೆಳಕೇ. ಡಾಕ್ಟರು ನನ್ನತ್ತ ನೋಡಿದರು—ಎಲ್ಲಿ ಹೇಳಿಬಿಡುತ್ತಾರೋ ಎಂದು ನೆಲ ನೋಡುತ್ತ ನಿಂತೆ. ಹೊರಗೆ ಬಂದು ನನ್ನ ತೋಳು ಹಿಡಿದುಕೊಂಡು ನೀನು, "ಯಾರಿಗ್ ಗೊತ್ತಿತ್ತು ಬಿಡಣ್ಣ," ಎಂದೆ.

ಭಾರತಿ, ನನಗೆ ಈಗಲೂ ಭಯ. ಡೈರಿಯನ್ನು ನಿನ್ನ ಕೈಗಿಟ್ಟು ಮುಂದಿನ ಬಸ್ಸಿಗೇ ವಾಪಸು ಹೊರಟುಬಿಡೋಣ ಅಂದುಕೊಂಡಿದ್ದೆ—ಆದರೆ ನನ್ನ ಸಣ್ಣ ಅಕ್ಷರ ಇನ್ನು ನಿನಗೆ ಕಾಣದು. ಭಾನುವಾರ ಬರುತ್ತೇನೆ. ನಿನ್ನೆದುರು ಕೂತು ನಾನೇ ಓದುತ್ತೇನೆ, ಆ ಹನ್ನೊಂದು ಗೆರೆಗಳನ್ನೂ ಒಂದೊಂದಾಗಿ ಎಣಿಸಿ.