ಯಾವ ಬೋಲ್ಟು ಯಾವ ಕೋವಿಗೆ

ಪೊಲೀಸ್ ಇಲಾಖೆಯ ಕೀರ್ತಿಯನ್ನು ಕೊಂಡಾಡುವಾಗ ಕಳ್ಳರನ್ನು ಹಿಡಿದವರ ಹೆಸರು ಮೊದಲು ಬರುತ್ತದೆ. ಅವರ ಹೆಗಲ ಕೋವಿಯನ್ನು ಸರಿಪಡಿಸಿಕೊಟ್ಟವರ ಹೆಸರು ಬರುವಷ್ಟರಲ್ಲಿ ಭಾಷಣ ಮುಗಿದು ಜನ ಊಟಕ್ಕೆ ಎದ್ದಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಗಳ ಠಾಣೆಗಳಲ್ಲಿ ಬ್ರಿಟಿಷರ ಕಾಲದ ತ್ರೀ ನಾಟ್ ತ್ರೀ ರೈಫಲ್‌ಗಳು ಹೊಸ ಶತಮಾನವನ್ನು ಕಂಡವೆಂದರೆ, ಅದರ ಶ್ರೇಯಸ್ಸು ಈ ವರ್ಷ ನಿವೃತ್ತರಾಗುತ್ತಿರುವ ಆರ್ಮರರ್ ಜನಾಬ್ ಅಬ್ದುಲ್ ಖದೀರ್ ಸಾಹೇಬರಿಗೆ ಸಲ್ಲಬೇಕು. ಕಾನ್‌ಸ್ಟೇಬಲ್ಲಾಗಿ ಅವರೊಡನೆ ದುಡಿದ ನಾನು, ಜನ ಊಟಕ್ಕೆ ಏಳುವ ಮುಂಚೆ ನಾಲ್ಕು ಮಾತು ಹೇಳಿಬಿಡುತ್ತೇನೆ.

ಹುಣಸೂರಿನ ಮರಗೆಲಸದ ಮನೆತನದಿಂದ ಬಂದ ಸಾಹೇಬರು ಇಲಾಖೆಯಲ್ಲಿ ಕೋವಿ ರಿಪೇರಿಯ ತರಬೇತಿ ಪಡೆದವರು. ಹಿಡಿಯ ಮರದಲ್ಲಿ ಸ್ಕ್ರೂ ಸಡಿಲವಾದರೆ ಇನ್ನೂ ದಪ್ಪನೆಯ ಸ್ಕ್ರೂ ಜಡಿದು ಕೈತೊಳೆದುಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಾಹೇಬರು ಸವೆದ ತೂತಿಗೆ ತೇಗದ ಗೂಟ ಕೂರಿಸಿ, ಅಂಟು ಒಣಗುವವರೆಗೆ ಕಾದು, ಹಳೆಯ ಸ್ಕ್ರೂವನ್ನೇ ಮತ್ತೆ ತಿರುಗಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಅವಸರ ಮಾಡಿದರೆ ಅವರಿಗೆ ಚಹಾ ತರಿಸಿ ಕೂರಿಸುತ್ತಿದ್ದರು.

ಅವರಿಗೆ ವರ್ಷಕ್ಕೊಮ್ಮೆ ತಪ್ಪದೆ ತಲೆನೋವು ತರುತ್ತಿದ್ದುದು ನಮ್ಮ ಆಯುಧಪೂಜೆ. ಗುಂಡು ತುಂಬಿದ ಮೇಲೆ ನಳಿಗೆಯ ಹಿಂಬದಿಗೆ ಅಗುಳಿ ಹಾಕುವ ಭಾಗವೇ ಬೋಲ್ಟು. ಅದು ಅದರದೇ ಕೋವಿಗೆ ಹೊಂದಿಸಿದ್ದು, ಎರಡರ ಮೇಲೂ ಒಂದೇ ನಂಬರು ಇರುತ್ತದೆ. ಬೇರೆಯದನ್ನು ಹಾಕಿ ಹೊಡೆದರೆ ತೋಟಾ ಹಿಂದಕ್ಕೆ ಸಿಡಿದು ಹೊಡೆದವನ ಮುಖಕ್ಕೇ ಬರಬಹುದು. ನಾವೋ ಭಕ್ತಿಯ ಭರದಲ್ಲಿ ಎಲ್ಲ ಬೋಲ್ಟುಗಳನ್ನೂ ಬಿಚ್ಚಿ ತೊಳೆದು, ಒಂದೇ ಹರಿವಾಣದಲ್ಲಿ ರಾಶಿ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿಯಾದ ಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕ ಕೋವಿಗೆ ತುರುಕುತ್ತಿದ್ದೆವು. ಹಬ್ಬ ಮುಗಿದ ಮೇಲೆ ಸಾಹೇಬರು ಠಾಣೆಯಿಂದ ಠಾಣೆಗೆ ಬಸ್ಸು ಹತ್ತುತ್ತಿದ್ದರು. "ಯಾರ ಹೆಂಡ್ತೀನ ಯಾರ ಮನೇಗೆ ಕಳ್ಸಿದ್ದೀರ್ರಪ್ಪಾ?" ಎಂದು ನಗುತ್ತಲೇ ಜೋಡಿ ಕೂಡಿಸುತ್ತಿದ್ದರು.

ತೊಂಬತ್ತೆಂಟರಲ್ಲಿ ಆ ನಗು ಇರಲಿಲ್ಲ. ಹಬ್ಬದ ಮರುದಿನವೇ ನಮ್ಮ ಕಾನ್‌ಸ್ಟೇಬಲ್ ಲಿಂಗಯ್ಯ, ನಾಲೆಗೆ ಬಿದ್ದ ಜೀಪಿನಿಂದ ಇಬ್ಬರನ್ನು ದಡಕ್ಕೆ ತಂದು, ಮೂರನೆಯವರಿಗಾಗಿ ಮತ್ತೆ ಇಳಿದವನು ಮೇಲೆ ಬರಲಿಲ್ಲ. ಗಾವಡಗೆರೆ ಕಡೆಯ ಅವನ ಊರಿನಲ್ಲಿ ಇಲಾಖೆಯ ಗೌರವದೊಂದಿಗೆ ಮಣ್ಣು ಮಾಡುವುದೆಂದಾಯಿತು. ತಾಯಿ ಪುಟ್ಟಮಾದಮ್ಮ ಕೇಳಿದ್ದು ಒಂದೇ: "ನನ್ ಮಗನ್ ಕೋವಿನೂವೆ ಅವುನ್ಗೆ ಗುಂಡ್ ಆರಿಸ್ಬೇಕು ಕಣ್ರಪ್ಪಾ."

ಲಿಂಗಯ್ಯನ ಕೋವಿ ತೆಗೆದು ನೋಡಿದರೆ ಅದರಲ್ಲಿದ್ದದ್ದು ಇನ್ನಾವುದೋ ಕೋವಿಯ ಬೋಲ್ಟು. ಸಾಹೇಬರು ಅದನ್ನು ಹಾರಿಸಲು ಒಪ್ಪಲಿಲ್ಲ. ನಮ್ಮ ಇನ್ಸ್‌ಪೆಕ್ಟರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಸಾಲಲ್ಲಿ ಅದನ್ನೂ ಹಿಡ್ಕೊಂಡು ನಿಲ್ಲಲಿ ಖದೀರ್, ಮಿಕ್ಕವು ಹೊಡೀಲಿ. ಅಷ್ಟು ಸದ್ದಲ್ಲಿ ಆ ತಾಯಿಗೇನು ಗೊತ್ತಾಗುತ್ತೆ?"

"ಆಯಮ್ಮಂಗೆ ಗೊತ್ತಾಗಲ್ಲ ಸಾರ್. ನಮಗೆ ಗೊತ್ತಾಗ್ತದಲ್ಲ."

ನಂಬರು ಹಿಡಿದು ಹುಡುಕಿದರೆ ಲಿಂಗಯ್ಯನ ಬೋಲ್ಟು ಖಜಾನೆಯ ಕಾವಲಿಗೆ ಹೋಗಿದ್ದ ಕೋವಿಯಲ್ಲಿತ್ತು. ಅಲ್ಲಿಗೆ ಬೇರೆ ಕೋವಿ ಕಳಿಸಿ ಅದನ್ನು ತರಿಸಿದರೆ, ಒಳಗೆಲ್ಲ ಎಣ್ಣೆ ಕುಂಕುಮ ಸೇರಿ ಗಟ್ಟಿಕಟ್ಟಿತ್ತು, ತೋಟಾಕ್ಕೆ ಹೊಡೆಯುವ ಪಿನ್ನಿನ ಮೂತಿಯೂ ಸವೆದಿತ್ತು. ಅತ್ತ ಹೆಣ ಊರು ಸೇರಿತ್ತು, ತಹಶೀಲ್ದಾರರು ಬಂದು ಕೂತಿದ್ದರು. ಇತ್ತ ಸಾಹೇಬರು ಠಾಣೆಯ ಜಗಲಿಯಲ್ಲಿ ಸೀಮೆಎಣ್ಣೆಯಿಂದ ಬೋಲ್ಟು ತೊಳೆದು, ಗುಜರಿಗೆ ಬರೆದಿಟ್ಟಿದ್ದ ರೈಫಲ್ಲಿನ ಪಿನ್ನು ಬಿಚ್ಚಿ, ಅರ ಹಿಡಿದು ಹೊಂದಿಸಿದರು. ಅದನ್ನು ಹಾರಿಸಬೇಕಾಗಿದ್ದವನು ನಾನು. ಮನಸ್ಸಿನಲ್ಲಿ ಅಳುಕಿತ್ತು, ಸುಳ್ಳೇಕೆ ಹೇಳಲಿ? "ಮೊದ್ಲು ನಾನ್ ಹೊಡೀತೀನಿ ಚಲುವರಾಜು, ಆಮೇಲೆ ನಿಮ್ ಕೈಗೆ" ಎಂದು ಹಿತ್ತಲಿಗೆ ಒಬ್ಬರೇ ಹೋಗಿ, ಗುಂಡಿಲ್ಲದ ಬರೀ ಮದ್ದಿನ ತೋಟಾ ಹಾಕಿ, ಕೆನ್ನೆಗಿಟ್ಟು ಹೊಡೆದು ಬಂದರು. ನನ್ನ ಅಳುಕು ಅಲ್ಲಿಗೇ ಹೋಯಿತು.

ಮೂರು ಸುತ್ತು ಗುಂಡು ಹಾರಿತು. ಹೊಗೆ ಕರಗುವ ಮುಂಚೆಯೇ ಪುಟ್ಟಮಾದಮ್ಮ ಸಾಲಿನ ಬಳಿಗೆ ಬಂದರು.

"ಅಷ್ಟ್ರಲ್ಲಿ ನನ್ ಮಗಂದು ಯಾವ್ದು ಸಾಬ್ರೇ?"

"ಎಡಗಡೆ ಕೊನೇದು ಅಮ್ಮಾ. ಮೂರು ಸಲಾನೂ ಹೊಡೀತು."

ಆಕೆ ನನ್ನ ಕೈಯಲ್ಲಿದ್ದ ಕೋವಿಯ ನಳಿಗೆಯ ಮೇಲೆ ಅಂಗೈ ಇಟ್ಟರು. "ಬಿಸಿ ಅದೆ" ಅಂದರು. "ಇನ್ನೂ ಬಿಸಿ ಅದೆ ಕಣಪ್ಪಾ." ಖದೀರ್ ಸಾಹೇಬರು ಅತ್ತದ್ದನ್ನು ನಾನು ಕಂಡದ್ದು ಆವತ್ತು ಮಾತ್ರ.

ಅಲ್ಲಿಂದಾಚೆಗೆ ಪ್ರತಿ ಆಯುಧಪೂಜೆಗೂ ಪುಟ್ಟಮಾದಮ್ಮ ಚೆಂಡುಹೂವಿನ ಹಾರ ಹಿಡಿದು ಠಾಣೆಗೆ ಬರತೊಡಗಿದರು. ಸಾಹೇಬರು ಅದನ್ನು ಲಿಂಗಯ್ಯನ ಕೋವಿಯ ಬೆಲ್ಟಿನ ಕೊಂಡಿಗೆ ಕಟ್ಟುತ್ತಿದ್ದರು. ಬೋಲ್ಟು ಬಿಚ್ಚುವುದಂತೂ ಆ ವರ್ಷಕ್ಕೇ ನಿಂತಿತು. ಕಳೆದ ಬಾರಿ ಆಕೆ ಬರುವಷ್ಟರಲ್ಲಿ ಹಳೆಯ ರೈಫಲ್‌ಗಳೆಲ್ಲ ಮೈಸೂರಿಗೆ ವಾಪಸಾಗಿದ್ದವು. ಹಾರ ಹಿಡಿದು ನಿಂತವರಿಗೆ ನಾನೇ ವಿಷಯ ತಿಳಿಸಿದೆ. ಆಕೆ ಅತ್ತಿತ್ತ ನೋಡಿ, ಸಾಹೇಬರ ಹತಾರದ ಪೆಟ್ಟಿಗೆಯ ಮುಂದೆ ಕುಳಿತು, "ಕೋವಿ ಓದ್ರೆ ಓಗ್ಲಿ, ಅದ ಸರಿಮಾಡಿದ್ ಆಯುದ ಇಲ್ಲೇ ಅದಲ್ಲ" ಎಂದು ಹಾರ ಹಾಕಿ ಕುಂಕುಮದ ಬಟ್ಟಲಿಗೆ ಕೈ ಚಾಚಿದರು.

"ಮುಚ್ಚಳದ ಮ್ಯಾಲೆ ಇಡಿ ಅಮ್ಮಾ, ಒಳಗೆ ಬ್ಯಾಡಿ" ಎಂದರು ಸಾಹೇಬರು.

ಅಭಿನಂದನೆಯ ಈ ಹೊತ್ತಿನಲ್ಲಿ ಸಾಹೇಬರಿಗೂ ಅವರ ಬೇಗಂ ರಜಿಯಾ ಅವರಿಗೂ ದೀರ್ಘಾಯುಸ್ಸನ್ನು ಹಾರೈಸುತ್ತೇನೆ. ಪೆಟ್ಟಿಗೆ ಈಗ ಹುಣಸೂರಿನ ಅವರ ಮನೆಯಲ್ಲಿದೆ, ಕುಂಕುಮದ ಬೊಟ್ಟು ಇನ್ನೂ ಮಾಸಿಲ್ಲ. ಈ ಹಬ್ಬಕ್ಕೆ ಪುಟ್ಟಮಾದಮ್ಮ ಅಲ್ಲಿಗೇ ಬರುತ್ತಾರಂತೆ.