ಅತ್ತಿರೋ ಮಾಂಸ

ಅಂಗಡಿ ಅಕ್ಕನ ಬಲಗೈ ಹೆಬ್ಬೆರಳು ಅಗಲವಾಗಿ, ಚಪ್ಪಟೆಯಾಗಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡಿರುತ್ತಿದ್ದಳು. ಸೀಳಿ ತೂಗುಹಾಕಿದ ಹಂದಿಯ ಬೆನ್ನಿನ ಕೊಬ್ಬಿಗೆ ಆ ಬೆರಳನ್ನು ಒತ್ತಿ, ತೆಗೆದು, ಒಂದು ಗಳಿಗೆ ಸುಮ್ಮನೆ ನೋಡುವಳು. "ಇದು ಕೊಬ್ಬರಿ ಹಿಂಡಿ ತಿಂದು ಬೆಳ್ದಿರೋದು, ಗಟ್ಟಿಗದೆ" ಅನ್ನುವಳು. ಇಲ್ಲವೇ, "ಹೋಟ್ಲು ಮುಸುರೆ ಕಣವ್ವ, ಬೆರಳು ಜಾರ್ತದೆ" ಅನ್ನುವಳು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಗಡಿನ ಸೂರಿನ ಹಂದಿಮಾಂಸದ ಅಂಗಡಿ ಅವಳದು. ನಾವು ಶೆಟ್ಟಿಕೆರೆ ಕಡೆಯ ತೆಂಗಿನ ತೋಟದವರು. ನಮ್ಮ ಮನೆಯ ಹೊಸ್ತಿಲೊಳಗೆ ಕೋಳಿಮೊಟ್ಟೆ ಕೂಡ ಬರುವುದಿಲ್ಲ. ಡಿಗ್ರಿ ಮುಗಿಸಿದ ಮಗಳು ತೋಟದ ಮೂಲೆಯಲ್ಲಿ ಬಿಳಿ ಹಂದಿ ಸಾಕುತ್ತೇನೆ ಎಂದಾಗ ಅಪ್ಪ ಒಂದಷ್ಟು ದಿನ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಅವರೇ, "ಒಂದು ಸಲ ಸಾಕ್ಕೋ. ಮಾಲು ಚೆನ್ನಾಗಿಲ್ಲ ಅಂತ ಯಾರಾದ್ರೂ ಅಂದ್ರೋ, ಕೊಟ್ಟಿಗೆ ಕೀಳುಸ್ತೀನಿ" ಎಂದರು. ಅನ್ನಬೇಕಾದವಳು ಅಂಗಡಿ ಅಕ್ಕನೇ. ಅವಳು ಹೂಂ ಅಂದ ಮಾಂಸವನ್ನು ಬೆಂಗಳೂರಿನ ವ್ಯಾಪಾರಿ ಮರುಮಾತಿಲ್ಲದೆ ಒಯ್ಯುತ್ತಿದ್ದ.

ಹಂದಿಗಳು ಬೆಳೆಯುವಷ್ಟು ಕಾಲವೂ ನಾನು ಭಾನುವಾರಗಳಂದು ಅವಳ ಅಂಗಡಿಗೆ ಹೋಗುತ್ತಿದ್ದೆ. ಪಕ್ಕದ ಬೇಕರಿಯಿಂದ ನನಗೆ ಟೀ ತರಿಸಿ, "ನಿಮ್ಮಪ್ಪಂಗೆ ಹೇಳ್ಬುಡು, ಬೇಕರಿ ಟೀ ಬುಟ್ಟು ಇನ್ನೇನೂ ಮುಟ್ಲಿಲ್ಲ ಅಂತ" ಎಂದು ರೇಗಿಸುತ್ತಿದ್ದಳು. ಎಲೆಅಡಿಕೆ ಅವಳ ಪ್ರಾಣ. ಆದರೆ ಕತ್ತಿ ಹಿಡಿಯುವ ಮೊದಲು ಬಾಯಿ ಮುಕ್ಕಳಿಸಿ ಬರುವಳು. ಬಾಯಲ್ಲಿ ಸುಣ್ಣವಿದ್ದರೆ ಮೂಗು ಸುಳ್ಳು ಹೇಳುತ್ತದಂತೆ. ನಾನು ಮೊದಮೊದಲು ದಪ್ಪ ಹೊಟ್ಟೆಯ ಹಂದಿಯನ್ನೇ ಒಳ್ಳೆಯದು ಎಂದು ತೋರಿಸುತ್ತಿದ್ದೆ. "ಹೊಟ್ಟೆ ನೋಡಿ ಮೋಸ ಹೋಗ್ಬ್ಯಾಡ. ಬೆನ್ನು ನೋಡು, ತೊಡೆ ನೋಡು. ಆಮ್ಯಾಕೆ ಬಣ್ಣ ನೋಡು" ಎನ್ನುವಳು. ಬಣ್ಣ ನೋಡಿದ ಮೇಲೆ ಮಾಂಸದ ಕೆಳಗಿನ ತಟ್ಟೆಯನ್ನೂ ನೋಡಬೇಕಿತ್ತು. ಒಳ್ಳೆಯ ಮಾಂಸ ನೀರು ಸುರಿಸುವುದಿಲ್ಲ.

ನಮ್ಮ ಹಂದಿಗಳನ್ನು ಸಾಗಿಸುವ ದಿನ ಬಂತು. ನಮ್ಮ ಕಡೆ ವರ್ಷದ ಮೊದಲ ಕೊಬ್ಬರಿ ಲೋಡು ಪೂಜೆಯಿಲ್ಲದೆ ತೋಟ ಬಿಡುವುದಿಲ್ಲ. ಕೊಟ್ಟಿಗೆಯ ಕಡೆ ತಲೆಯೂ ಹಾಕದಿದ್ದ ಅಪ್ಪ ಅವತ್ತು ತಾವಾಗಿಯೇ ಬಂದು, ಗೂಡ್ಸ್ ಆಟೋಗೆ ಹೂವು ಮುಡಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಈಡುಗಾಯಿ ಒಡೆದರು. ನನ್ನ ತಮ್ಮ ಹುರುಪಿನಲ್ಲಿ ಪಟಾಕಿ ಸರ ಹಚ್ಚಿಬಿಟ್ಟ. ಆಟೋದೊಳಗೆ ಹಂದಿಗಳು ಒಂದರ ಮೇಲೊಂದು ಹತ್ತಿ ಕಿರುಚಿದವು. ದಾರಿಯುದ್ದಕ್ಕೂ ಅವು ಕಿರುಚುವುದನ್ನು ನಿಲ್ಲಿಸಲಿಲ್ಲ. ನನಗೋ ಅಪ್ಪ ಬಂದರಲ್ಲ ಎಂಬ ಸಂತೋಷ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದಾಗ ನಮ್ಮ ಹಂದಿಗಳನ್ನು ಸೀಳಿ ತೂಗುಹಾಕಿದ್ದರು. ಅಕ್ಕ ಎಂದಿನಂತೆ ಬೆರಳು ಒತ್ತಲಿಲ್ಲ, ಪಕ್ಕಕ್ಕೆ ಸರಿದು ನಿಂತಳು.

"ನೀನೇ ಹೇಳು. ಬ್ಯಾರೆಯೋರ್ದು ಅಂದ್ಕೊಂಡು ಹೇಳು."

ಕೊಬ್ಬು ಗಟ್ಟಿಯಾಗಿತ್ತು, ತೊಡೆ ತುಂಬಿಕೊಂಡಿತ್ತು. ಮಾಂಸ ಮಾತ್ರ ಬಿಳಚಿಕೊಂಡು ಮೆತ್ತಗಾಗಿತ್ತು. ಕೆಳಗಿನ ತಟ್ಟೆಗಳಲ್ಲಿ ನೀರು ನಿಂತಿತ್ತು. ಹೂಂ ಅಂದರೆ ಕೊಟ್ಟಿಗೆ ಉಳಿಯುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಬೆಂಗಳೂರಿಗೆ ಕಳಿಸೋದು ಬೇಡಕ್ಕ" ಎಂದೆ.

"ಇದು ಅತ್ತಿರೋ ಮಾಂಸ ಕಣವ್ವ. ಕಡೇ ದಿನ ಹೆದರ್ಸಿದ್ದೀರ. ಏನ್ ಮಾಡುದ್ರಿ?"

ಪೂಜೆಯ ವಿಷಯ ಹೇಳಿದೆ. ಅವಳು ನಗಲಿಲ್ಲ, ಬಯ್ಯಲೂ ಇಲ್ಲ. ಆ ಮಾಂಸವನ್ನು ಇದ್ದದ್ದು ಇದ್ದ ಹಾಗೆ ಹೇಳಿ ಊರವರಿಗೇ ಮಾರಿದಳು. ಸಂಜೆ ಅಂಗಡಿ ಮುಚ್ಚಿ, ಸ್ನಾನ ಮಾಡಿ, ಒಗೆದ ಸೀರೆಯುಟ್ಟು ನನ್ನ ಜೊತೆಗೇ ಬಸ್ಸು ಹತ್ತಿದಳು.

ಅಪ್ಪ ಜಗಲಿಯ ಮೇಲಿದ್ದರು. ಅವಳು ಅಂಗಳದಲ್ಲೇ ನಿಂತಳು.

"ಮಾಲು ಚೆನ್ನಾಗಿಲ್ಲ ಯಜಮಾನ್ರೇ. ಕೊಬ್ಬರಿಗೆ ಕಿವಿ ಇಲ್ಲ, ಹಂದಿಗದೆ. ಇನ್ಮ್ಯಾಕೆ ಪೂಜೆ ಮಾಡಂಗಿದ್ರೆ ಮೆತ್ತಗೆ ಮಾಡಿ."

ಅಪ್ಪ ತಲೆ ತಗ್ಗಿಸಿದರು. ಅವಳು ಮುಂದುವರಿಸಿದಳು.

"ಬ್ಯಾಡ ಅಂದಿದ್ದು ನಾನಲ್ಲ, ನಿಮ್ಮ ಮಗಳು. ತನ್ನ ಮಾಲು ತಾನೇ ಬ್ಯಾಡ ಅನ್ನೋರ ಕೊಟ್ಟಿಗೆ ಕಿತ್ರೆ ನಾನ್ಯಾರ ಹತ್ರ ಹಂದಿ ತಗಳ್ಳಿ, ಹೇಳಿ?"

ಅಪ್ಪ ಜಗಲಿಯಿಂದ ಎದ್ದರು. ಆಮೇಲೆ ಒಳಗೆ ತಿರುಗಿ, "ಅವ್ರಿಗೆ ಕಾಫಿ ಕೊಡೇ" ಎಂದು ಅಮ್ಮನನ್ನು ಕೂಗಿದರು. ಕೊಟ್ಟಿಗೆ ಉಳಿದದ್ದು ನನಗೆ ಅಲ್ಲಿಯೇ ಗೊತ್ತಾಯಿತು. ಈಗ ಅದು ಆಗಿನದಕ್ಕಿಂತ ದೊಡ್ಡದಾಗಿದೆ. ಹಂದಿ ಸಾಗಿಸುವ ದಿನ ನನ್ನ ತಮ್ಮ ತನ್ನ ಮೊಬೈಲನ್ನೂ ಮನೆಯಲ್ಲಿ ಬಿಟ್ಟು ಬರುತ್ತಾನೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಎದೆನೋವು ಅಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲ. ಅವಳ ತಿಥಿಯ ದಿನ ಎಡೆಗೆ ಇಷ್ಟದ ಅಡುಗೆ ಇಡಬೇಕು ಎಂದು ಮಗ ಅಂಗಡಿಯ ಹಿಂದೆ ಎರಡು ಹಂದಿ ಕಡಿಸಿ ತೂಗುಹಾಕಿದ್ದ. "ಅವ್ವಂಗೆ ಯಾವ್ದು ಆಗ್ತದೆ, ನೀನೇ ನೋಡಿ ಹೇಳಕ್ಕ" ಎಂದ. ಹಂದಿಮಾಂಸದ ರುಚಿಯನ್ನೇ ಕಾಣದ ನನ್ನನ್ನು ಕೇಳಿದ. ಎರಡರಲ್ಲಿ ಒಂದು ನಮ್ಮ ಕೊಟ್ಟಿಗೆಯದು. ಎರಡನ್ನೂ ಒತ್ತಿ ನೋಡಿದೆ, ತಟ್ಟೆ ನೋಡಿದೆ. ಅಳು ಬರುತ್ತಿತ್ತು, ತಡೆದುಕೊಂಡೆ. ನಮ್ಮದಲ್ಲದ ಇನ್ನೊಂದನ್ನು ತೋರಿಸಿದೆ.